ಪೆನ್ ಸ್ಟೇಷನ್ನಿನ ಕಂಬಗಳು ಎಲ್ಲಿ ಹೋದವು?

ಪ್ರಾಜೆಕ್ಟ್ ಮೇಲೆ ಎರಡು ವರ್ಷ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೆ. ಆಫೀಸು ಮ್ಯಾನ್‌ಹಟನ್‌ನಲ್ಲಿ. ದಿನಾ ಬೆಳಗ್ಗೆ ರೈಲು. ನುವರ್ಕ್ ದಾಟಿದ ಮೇಲೆ ಸಿಕಾಕಸ್ ಅನ್ನೋ ಕಡೆ ಕಿಟಕಿಯಾಚೆ ಬರೀ ಜೌಗು, ಆಳೆತ್ತರದ ಜೊಂಡು. ನಮ್ಮೂರ ಕೆರೆ ಅಂಗಳದ ಥರಾನೇ ಕಾಣುತ್ತಿತ್ತು, ಅದಕ್ಕೇ ಫೋನ್ ಕೆಳಗಿಟ್ಟು ನೋಡುತ್ತಿದ್ದೆ. ಆಮೇಲೆ ಹಡ್ಸನ್ ನದಿಯಡಿಯ ಸುರಂಗ, ಕತ್ತಲೆ, ಪೆನ್ ಸ್ಟೇಷನ್.

ಪೆನ್ ಸ್ಟೇಷನ್ ಅಂದ್ರೆ ನೆಲಮಾಳಿಗೆ ಕಣ್ರೀ. ತಗ್ಗು ಸೂರು, ಹಗಲಲ್ಲೂ ಉರಿಯೋ ಲೈಟು, ಬೋರ್ಡಿನ ಕೆಳಗೆ ಕತ್ತೆತ್ತಿ ನಿಂತ ನೂರಾರು ಜನ. ಪ್ಲಾಟ್‌ಫಾರಂ ನಂಬರು ಬಿದ್ದಿದ್ದೇ ತಡ, ನಮ್ಮ ಮೆಜೆಸ್ಟಿಕ್ ನಾಚಬೇಕು, ಅಂಥಾ ನೂಕುನುಗ್ಗಲು. ಅಮೆರಿಕದಲ್ಲೇ ಅತಿ ಹೆಚ್ಚು ಜನ ಓಡಾಡೋ ರೈಲು ನಿಲ್ದಾಣ ಇದೇನಾ ಅನಿಸಿತ್ತು. ಟೀಮಿನಲ್ಲಿ ರಿಟೈರ್‌ಮೆಂಟಿಗೆ ಹತ್ತಿರವಿದ್ದ ಒಬ್ಬರು ಒಂದು ದಿನ ಹೇಳಿದರು: "ನಿಜವಾದ ಸ್ಟೇಷನ್ ನೀನು ದಿನಾ ನೋಡ್ತೀಯಲ್ಲ, ಆ ಜೌಗಿನಲ್ಲಿ ಬಿದ್ದಿದೆ."

ತಮಾಷೆ ಅಂದುಕೊಂಡೆ. ಆಮೇಲೆ ಓದಿ ನೋಡಿದರೆ ಅಕ್ಷರಶಃ ನಿಜ.

1910ಕ್ಕಿಂತ ಮೊದಲು ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯ ರೈಲುಗಳು ನದಿಯ ಈ ಕಡೆ, ಜೆರ್ಸಿ ಸಿಟಿಯಲ್ಲೇ ನಿಲ್ಲುತ್ತಿದ್ದವು. ಅಲ್ಲಿಂದ ಜನ ದೋಣಿ ಹತ್ತಿ ನ್ಯೂಯಾರ್ಕಿಗೆ ಹೋಗಬೇಕು. ಸುರಂಗ ಕೊರೆದರೂ ಉಗಿಬಂಡಿಯ ಹೊಗೆಯಲ್ಲಿ ಉಸಿರುಕಟ್ಟುತ್ತೆ ಅನ್ನೋದು ಸಮಸ್ಯೆ. ಕಂಪನಿಯ ಅಧ್ಯಕ್ಷ ಅಲೆಕ್ಸಾಂಡರ್ ಕಸಾಟ್ ಪ್ಯಾರಿಸ್ಸಿನ ಓರ್ಸೇ ನಿಲ್ದಾಣದಲ್ಲಿ ವಿದ್ಯುತ್ ರೈಲು ನೆಲದಡಿಗೆ ಬಂದು ನಿಲ್ಲೋದನ್ನ ನೋಡಿದ. ಸರಿ, ನದಿಯಡಿ ಸುರಂಗ ಆಯ್ತು. ಆ ತುದಿಯಲ್ಲಿ ಒಂದು ನಿಲ್ದಾಣ ಬೇಕಲ್ಲ, ಅದಕ್ಕೆ ಚಾರ್ಲ್ಸ್ ಮೆಕಿಮ್ ಅನ್ನೋ ವಾಸ್ತುಶಿಲ್ಪಿ ರೋಮಿನ ಕಾರಕಲ್ಲಾ ಚಕ್ರವರ್ತಿಯ ಸ್ನಾನಗೃಹಗಳನ್ನ ಮಾದರಿ ಇಟ್ಟುಕೊಂಡ. ಕಾಯೋ ಜನರ ಹಾಲ್ ಅಷ್ಟನ್ನೇ ನೋಡಿ: ಸೂರು 150 ಅಡಿ ಎತ್ತರ. ಹೊರಗೆ ಗುಲಾಬಿ ಛಾಯೆಯ ಗ್ರಾನೈಟ್, 84 ಕಂಬಗಳು, ಮೇಲೆ ಕಲ್ಲಿನ ಹದ್ದುಗಳು. ಹಾಲ್ ದಾಟಿದರೆ ಬರೀ ಉಕ್ಕು ಮತ್ತು ಗಾಜಿನ ಮಾಡು, ಬಿಸಿಲು ಜನರ ತಲೆ ಮೇಲೇ ಬೀಳೋ ಹಾಗೆ. ಕಸಾಟ್, ಮೆಕಿಮ್ ಇಬ್ಬರೂ ಇದು ತೆರೆಯೋದನ್ನ ನೋಡಲಿಲ್ಲ, ಅಷ್ಟರಲ್ಲೇ ತೀರಿಕೊಂಡಿದ್ದರು. (ಅಂದಹಾಗೆ, ಜಾಗ ಮಾಡೋಕೆ ಬಡವರಿದ್ದ ಬೀದಿಗಳನ್ನ ಕೆಡವಿದ್ದರು. ಆ ಮನೆಗಳ ಬಗ್ಗೆ ಇಷ್ಟು ಪುಟ ಯಾರೂ ಬರೆದಿಲ್ಲ.)

ಐವತ್ಮೂರೇ ವರ್ಷ. 1963ರ ಅಕ್ಟೋಬರ್ 28ರಂದು ಕೆಡವೋಕೆ ಶುರು ಮಾಡಿದರು.

ದುಷ್ಟ ಬಿಲ್ಡರ್ ಬಂದು ನುಂಗಿದ ಅಂತ ಕಥೆ ಹೇಳಿದರೆ ಸುಲಭ. ಆದರೆ ಲೆಕ್ಕ ಬೇರೆ ಇತ್ತು. ಎರಡನೇ ಮಹಾಯುದ್ಧದ ನಂತರ ಜನ ಕಾರು, ವಿಮಾನ ಅಂತ ಹೋದರು, ರೈಲು ಕಂಪನಿ ನಷ್ಟಕ್ಕೆ ಬಿತ್ತು. ಅಷ್ಟು ದೊಡ್ಡ ಕಟ್ಟಡ ಗುಡಿಸೋಕೂ ದುಡ್ಡು ಬೇಕು. ಕಂಪನಿ ಹತ್ತಿರ ಮಾರೋಕೆ ಉಳಿದಿದ್ದು ತನ್ನ ತಲೆ ಮೇಲಿನ ಆಕಾಶ. ಏರ್ ರೈಟ್ಸ್ ಅಂತಾರೆ, ಜಾಗದ ಮೇಲೆ ಇನ್ನಷ್ಟು ಮಹಡಿ ಎಬ್ಬಿಸೋ ಹಕ್ಕು. ಅದನ್ನ ಕೊಟ್ಟು ನೆಲದಡಿ ಒಂದು ಚಿಕ್ಕ ಏಸಿ ನಿಲ್ದಾಣವನ್ನ ಪುಕ್ಕಟೆ ಕಟ್ಟಿಸಿಕೊಂಡಿತು, ಮೇಲೆ ಬಂದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಕಾಲು ಭಾಗ ಪಾಲು. ನಾನು ಆ ಕಂಪನಿಯ ಮ್ಯಾನೇಜರ್ ಆಗಿದ್ದರೆ? ಬಹುಶಃ ನಾನೂ ಸಹಿ ಹಾಕ್ತಿದ್ದೆ. 1962ರ ಆಗಸ್ಟ್‌ನಲ್ಲಿ ಒಂದಷ್ಟು ವಾಸ್ತುಶಿಲ್ಪಿಗಳು ಸೂಟು ಬೂಟು ಹಾಕಿಕೊಂಡು ಬೋರ್ಡ್ ಹಿಡಿದು ಸ್ಟೇಷನ್ ಸುತ್ತ ನಡೆದರು. ತಡೆಯೋಕೆ ಒಂದು ಕಾನೂನೇ ಇರಲಿಲ್ಲ. ಕಲ್ಲನ್ನೆಲ್ಲ ಲಾರಿಯಲ್ಲಿ ತುಂಬಿ ಸಿಕಾಕಸ್ ಕಡೆಯ ಜೌಗಿಗೆ ಸುರಿದರು.

ಕಾನೂನು ಬಂದದ್ದು ಕಲ್ಲು ಸಾಗಿಸುತ್ತಿರುವಾಗಲೇ, 1965ರ ಏಪ್ರಿಲ್‌ನಲ್ಲಿ. ಊರಿಗೆ ಮುಖ್ಯವಾದ ಕಟ್ಟಡಗಳನ್ನ ಗುರುತಿಸಿ, ಅನುಮತಿಯಿಲ್ಲದೆ ಮುಟ್ಟೋ ಹಾಗಿಲ್ಲ ಅನ್ನೋ ಆಯೋಗ. 1967ರಲ್ಲಿ ಅದು ಕೈಯಿಟ್ಟದ್ದು ಅದೇ ಊರಿನ ಇನ್ನೊಂದು ನಿಲ್ದಾಣ, 1913ರ ಗ್ರ್ಯಾಂಡ್ ಸೆಂಟ್ರಲ್ ಮೇಲೆ. ಮರುವರ್ಷ ಪೆನ್ಸಿಲ್ವೇನಿಯಾ ಕಂಪನಿಯೂ ಗ್ರ್ಯಾಂಡ್ ಸೆಂಟ್ರಲ್ಲಿನ ಕಂಪನಿಯೂ ಒಂದಾಗಿ ಪೆನ್ ಸೆಂಟ್ರಲ್ ಆದವು. ಹೊಸ ಕಂಪನಿಯ ಮೊದಲ ಯೋಚನೆಗಳಲ್ಲಿ ಒಂದು ಏನು ಹೇಳಿ? ಗ್ರ್ಯಾಂಡ್ ಸೆಂಟ್ರಲ್ ಮೇಲೆ 55 ಮಹಡಿಯ ಟವರ್!

ಆಯೋಗ ಬೇಡ ಅಂತು. ಕಂಪನಿ ಕೋರ್ಟಿಗೆ ಹೋಯ್ತು. ನಮ್ಮ ಆಸ್ತಿ, ಪರಿಹಾರ ಕೊಡದೆ ಕಟ್ಟಬೇಡ ಅನ್ನೋಕೆ ನೀವ್ಯಾರು ಅನ್ನೋ ವಾದ. 1975ರಲ್ಲಿ ಕೆಳಗಿನ ಕೋರ್ಟಲ್ಲಿ ಗೆದ್ದೂಬಿಟ್ಟಿತು. ಆಗ ಜಾಕಿ ಕೆನಡಿ ಒನಾಸಿಸ್ ಸೇರಿ ಹಲವರು ಬೀದಿಗಿಳಿದರು. 1978ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3ರಿಂದ ಊರಿನ ಪರ ತೀರ್ಪು ಕೊಟ್ಟಿತು. ನಿಲ್ದಾಣದಿಂದ ನಿನಗೆ ಆದಾಯ ಇದ್ದೇ ಇದೆ, ಮೇಲೆ ಕಟ್ಟಲಾಗದ ಮಹಡಿಗಳ ಹಕ್ಕನ್ನ ಪಕ್ಕದ ಸೈಟುಗಳಿಗೆ ವರ್ಗಾಯಿಸಿಕೊಳ್ಳಬಹುದು, ಹಾಗಾಗಿ ಆಸ್ತಿ ಕಿತ್ತುಕೊಂಡ ಹಾಗಾಗಲಿಲ್ಲ ಅಂತ. ಬೆಂಗಳೂರಲ್ಲಿ ರಸ್ತೆ ಅಗಲ ಮಾಡುವಾಗ ದುಡ್ಡಿನ ಬದಲು ಟಿಡಿಆರ್ ಕೊಡ್ತಾರಲ್ಲ, ಬೇರೆ ಕಡೆ ಹೆಚ್ಚು ಕಟ್ಟೋ ಹಕ್ಕು, ಅದರದ್ದೇ ಅಣ್ಣ ಇದು. ಒಂದು ನಿಲ್ದಾಣವನ್ನ ನುಂಗಿದ್ದೂ ಏರ್ ರೈಟ್ಸ್, ಇನ್ನೊಂದನ್ನ ಕೋರ್ಟಲ್ಲಿ ಎತ್ತಿ ಹಿಡಿದಿದ್ದೂ ಏರ್ ರೈಟ್ಸ್. ಸೌಂದರ್ಯವೊಂದನ್ನೇ ನಂಬಿಕೊಂಡು ಬಂದಿದ್ದ ಆ ಬೋರ್ಡು ಹಿಡಿದವರ ಕೈಯಲ್ಲಿ ಈ ಲೆಕ್ಕ ಇರಲಿಲ್ಲ.

ಒಂದು ಶನಿವಾರ ಗ್ರ್ಯಾಂಡ್ ಸೆಂಟ್ರಲ್ಲಿಗೆ ಸುಮ್ಮನೆ ಹೋಗಿದ್ದೆ. ಹಸಿರುನೀಲಿ ಸೂರಿನ ಮೇಲೆ ಬಂಗಾರದ ನಕ್ಷತ್ರಗಳು, ಅದೂ ಉಲ್ಟಾ ಬರೆದದ್ದು. ತೊಳೆಯುವಾಗ ಹಳೇ ಕೊಳೆ ಎಷ್ಟಿತ್ತು ಅಂತ ತೋರಿಸೋಕೆ ಒಂದು ಚಿಕ್ಕ ಕಪ್ಪು ತುಂಡನ್ನ ಹಾಗೇ ಬಿಟ್ಟಿದ್ದಾರೆ. ಅರ್ಧ ಗಂಟೆ ಅಲ್ಲಿ ನಿಂತೆ, ಯಾರೂ ಏಳಿಸಲಿಲ್ಲ, ಟಿಕೆಟ್ ಕೇಳಲಿಲ್ಲ. ಸೋಮವಾರ ಮತ್ತೆ ಪೆನ್. ಅವತ್ತು ಮಾತ್ರ ಪ್ಲಾಟ್‌ಫಾರಮ್ಮಿಗೆ ಇಳಿಯೋ ಒಂದು ಮೆಟ್ಟಿಲ ಹತ್ತಿರ ನಿಂತು ಹಿಡಿಗಂಬಿ ನೋಡಿದೆ. ಹಿತ್ತಾಳೆಯದು. ಕೆಡವಿದ್ದು ಮೇಲಿನದ್ದನ್ನ, ಹಳಿ, ಪ್ಲಾಟ್‌ಫಾರಂ, ಅಲ್ಲಲ್ಲಿ ಇಂಥ ಕಂಬಿಗಳು 1910ರವೇ. ಎಷ್ಟು ಕೈ ಸವರಿತ್ತೋ, ನುಣ್ಣಗಾಗಿತ್ತು.

ಆ ಕಂಬಿ ನೋಡಿದಾಗ ನೆನಪಾದದ್ದು ನಮ್ಮೂರಿನದು. ಊರಿಂದ ಎರಡು ಮೈಲಿಗೆ ಮೀಟರ್ ಗೇಜ್ ಸ್ಟೇಷನ್ ಇತ್ತು. ಹೆಂಚಿನ ಮಾಡು, ಕಲ್ಲಿನ ಕಮಾನು, ಟಿಕೆಟ್ ಕೊಡೋ ಗೂಡುಕಿಟಕಿ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಬ್ರಾಡ್ ಗೇಜ್ ಬಂತು, ಹಳೇದು ಹೋಯ್ತು. ನನಗೆ ಒಂಚೂರೂ ಬೇಜಾರಾಗಿರಲಿಲ್ಲ, ಹೊಸ ರೈಲು ಬರುತ್ತೆ ಅಂತ ಕುಣಿದಿದ್ದೆ. ಈಗಿರೋದು ಕಾಂಕ್ರೀಟಿನ ಚೌಕಾಕಾರದ ಕಟ್ಟಡ, ಅದರಲ್ಲೇ ಇಳಿದು ಹಬ್ಬಕ್ಕೆ ಹೋಗ್ತೀನಿ.

ವಾಪಸ್ ಬಂದ ಮೇಲೆ ಯುಗಾದಿಗೆ ಹೋದಾಗ ಕೊಟ್ಟಿಗೆಯ ಚಪ್ಪಡಿಗಳನ್ನ ಸರಿಯಾಗಿ ನೋಡಿದೆ. ಅಂಚಿನಲ್ಲಿ ಉಳಿಗೆಲಸ, ಒಂದರ ಮೇಲೆ ಮಾಸಿದ ಬಿಳೀ ಬಣ್ಣದ ಗೆರೆ. ದೊಡ್ಡಪ್ಪನ್ನ ಕೇಳಿದೆ, ಎಷ್ಟು ಕೊಟ್ಟಿದ್ರಿ ಇದಕ್ಕೆ ಅಂತ.

"ಕಲ್ಲು ಎಣಿಸಿ ಕೊಡ್ಲಿಲ್ಲ ಕಣೋ. ಟ್ರ್ಯಾಕ್ಟರ್ ಲೋಡಿಗೆ ಇಷ್ಟು ಅಂತ ಹೇಳಿದ್ರು, ನಾವು ಎರಡು ಲೋಡು ತಂದ್ವಿ."