ಹಳ್ಳದ ನೆರೆ ನೀರು ಸಮತಟ್ಟಾದ ಜಮೀನುಗಳಲ್ಲಿ ಹರಡುವ ಬಗೆ ಹಾಗೂ ಮುಳುಗಡೆ ನಕ್ಷೆಯ ಮಿತಿಗಳು: ಸಾರ್ವಜನಿಕರಿಗೆ ಮಾಹಿತಿ

ಕೊಪ್ಪಳ ಜಿಲ್ಲೆಯ ಗಂಗಾವತಿ ಹಾಗೂ ಕಾರಟಗಿ ಭಾಗದ ಭತ್ತದ ಗದ್ದೆಗಳಿಗೆ ಹಳ್ಳದ ನೀರು ನುಗ್ಗಿದಾಗ, ಪಕ್ಕದ ಸರ್ವೆ ನಂಬರು ಮುಳುಗಡೆ ನಕ್ಷೆಯಲ್ಲಿದ್ದು ತಮ್ಮದು ಏಕಿಲ್ಲವೆಂದು ರೈತರು ಕೇಳುವುದು ಸಹಜವಾಗಿರುತ್ತದೆ. ಸದರಿ ನಕ್ಷೆಯನ್ನು ಯಾವ ಲೆಕ್ಕದ ಮೇಲೆ ತಯಾರಿಸಲಾಗುತ್ತದೆ ಹಾಗೂ ಅದು ಎಲ್ಲಿ ತಪ್ಪಬಹುದು ಎಂಬುದನ್ನು ಅರ್ಜಿದಾರರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಲೆಕ್ಕದ ಕ್ರಮ

ಗಣಕಯಂತ್ರದಲ್ಲಿ ಭೂಮಿಯನ್ನು ಸಣ್ಣ ಚೌಕಗಳನ್ನಾಗಿ ವಿಂಗಡಿಸಲಾಗುತ್ತದೆ. ಪ್ರತಿ ಚೌಕಕ್ಕೂ ಜಮಾ-ಖರ್ಚಿನ ಪುಸ್ತಕವಿದ್ದಂತೆ: ಒಳಬಂದ ನೀರಿನಿಂದ ಹೊರಹೋದ ನೀರನ್ನು ಕಳೆದರೆ ಉಳಿಯುವ ಶಿಲ್ಕೇ ನಿಂತ ನೀರು. ಕೆಲವು ಸೆಕೆಂಡುಗಳಿಗೊಮ್ಮೆ ಈ ಲೆಕ್ಕವನ್ನು ಪುನಃ ಮಾಡಲಾಗುತ್ತದೆ. ಅಮೆರಿಕದ ಸೇನಾ ಎಂಜಿನಿಯರುಗಳ ಹೆಕ್-ರಾಸ್ ಎಂಬ ಉಚಿತ ತಂತ್ರಾಂಶದಲ್ಲಿ 2016ರಿಂದ ಈ ವಿಧಾನ ಲಭ್ಯವಿದೆ.

ಹಳ್ಳದ ದಡ ಮೀರಿ 100 ಕ್ಯುಸೆಕ್ ನೀರು ಒಂದು ಗಂಟೆ ಹರಿದಲ್ಲಿ, ಸುಮಾರು 8 ಎಕರೆಯಲ್ಲಿ ಒಂದು ಅಡಿ ನೀರು ನಿಲ್ಲುತ್ತದೆ. ಆದರೆ ಅದು ಯಾವ 8 ಎಕರೆ ಎಂಬುದೇ ಕಷ್ಟದ ಪ್ರಶ್ನೆ. ಐದು ಸಾವಿರ ಅಡಿಗೆ ಒಂದು ಅಡಿ ಇಳಿಜಾರಿರುವ ನೆಲದಲ್ಲಿ ಅರ್ಧ ಮೀಟರ್ ಆಳದ ನೀರು, ಬೆಳೆ ನಿಂತ ಹೊಲದಲ್ಲಿ ಗಂಟೆಗೆ ಅಂದಾಜು 800 ಮೀಟರ್ ಸಾಗಿದರೆ, ಪಾಳು ನೆಲದಲ್ಲಿ ಒಂದು ಕಿಲೋಮೀಟರಿಗೂ ತುಸು ಹೆಚ್ಚು ಸಾಗುತ್ತದೆ. ಇಂತಹ ನೆಲದಲ್ಲಿ ನೀರಿಗೆ ನಿಶ್ಚಿತ ದಿಕ್ಕಿರುವುದಿಲ್ಲ; ಅರ್ಧ ಅಡಿ ಎತ್ತರದ ವ್ಯತ್ಯಾಸವೇ ಅದರ ದಾರಿಯನ್ನು ನಿರ್ಧರಿಸುತ್ತದೆ.

ನಕ್ಷೆಗೆ ಕಾಣದ ಬದು

ಉಪಗ್ರಹದಿಂದ ಪಡೆದು ಸಾರ್ವಜನಿಕವಾಗಿ ದೊರೆಯುವ ಎತ್ತರದ ದತ್ತಾಂಶದ ಒಂದು ಚೌಕ ಸಾಮಾನ್ಯವಾಗಿ 30 ಮೀಟರ್ ಉದ್ದಗಲದ್ದಾಗಿದ್ದು, ಸುಮಾರು 9 ಗುಂಟೆಯಾಗುತ್ತದೆ. ಇಷ್ಟೂ ಜಾಗಕ್ಕೆ ಒಂದೇ ಎತ್ತರ ದಾಖಲಾಗುವುದರಿಂದ ಎರಡು ಅಡಿಯ ಬದು ಅದರಲ್ಲಿ ಕಾಣುವುದಿಲ್ಲ. ಅಲ್ಲದೆ, ದತ್ತಾಂಶದ ಎತ್ತರದಲ್ಲಿಯೇ ಕೆಲವು ಮೀಟರುಗಳ ವ್ಯತ್ಯಾಸ ಬರಬಹುದು. ಭತ್ತದ ಗದ್ದೆಯಲ್ಲಿ ನೀರನ್ನು ತಡೆಯುವುದು, ತಿರುಗಿಸುವುದು ಬದುವೇ ಆಗಿರುವಾಗ ಇದು ಸಣ್ಣ ಕೊರತೆಯಲ್ಲ. ಎತ್ತರಿಸಿದ ರಸ್ತೆ, ವಿತರಣಾ ಕಾಲುವೆಯ ಏರಿ, ಹೂಳು ತುಂಬಿದ ಮೋರಿ ಇವುಗಳನ್ನು ಸ್ಥಳದಲ್ಲಿ ಅಳೆದು ಸೇರಿಸದಿದ್ದಲ್ಲಿ, ನಕ್ಷೆಯಲ್ಲಿ ನೀರು ಸರಾಗವಾಗಿ ಹರಿದುಹೋಗಿರುತ್ತದೆ. ಹೊಲದಲ್ಲಿ ಮಾತ್ರ ವಾರಗಟ್ಟಲೆ ನಿಂತಿರುತ್ತದೆ. ಎರೆಭೂಮಿಯಲ್ಲಿ ನೀರು ಇಂಗುವುದು ನಿಧಾನವಾದ್ದರಿಂದ ಹಾನಿ ಇನ್ನೂ ಹೆಚ್ಚು.

ನದಿಯ ಮಟ್ಟವೂ ಮುಖ್ಯ. ತುಂಗಭದ್ರೆ ತುಂಬಿ ಹರಿಯುವಾಗ ಅದನ್ನು ಸೇರುವ ಹಳ್ಳಗಳ ಬಾಯಿ ಕಟ್ಟಿದಂತಾಗಿ ನೀರು ಹಿಂದಕ್ಕೆ ಒತ್ತುತ್ತದೆ. 2009ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕದ ನೆರೆಗೆ ಇಲ್ಲಿಯೇ ಸುರಿದ ಭಾರಿ ಮಳೆ ಕಾರಣವಾಗಿತ್ತು. 2024ರ ಆಗಸ್ಟ್ 10ರ ರಾತ್ರಿಯಾದರೋ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದು ಕೊಚ್ಚಿಹೋಗಿ, ಒತ್ತಡ ತಗ್ಗಿಸಲು ಇತರ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಆದ್ದರಿಂದ ತಮ್ಮ ಊರಿನ ಮಳೆಮಾಪನದ ಅಂಕಿ ಕಡಿಮೆಯಿದ್ದ ಮಾತ್ರಕ್ಕೆ ಮುಳುಗಡೆ ಆಗಿಲ್ಲವೆಂದು ತೀರ್ಮಾನಿಸಲಾಗದು.

ಅರ್ಜಿದಾರರ ಗಮನಕ್ಕೆ

ಮುಳುಗಡೆ ನಕ್ಷೆಯು ಅಂದಾಜು ಮಾತ್ರ. ಬೆಳೆ ಹಾನಿಯನ್ನು ಕಂದಾಯ, ಕೃಷಿ ಹಾಗೂ ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆಯಲ್ಲಿ ಗುರುತಿಸಿ, ಪರಿಹಾರ ತಂತ್ರಾಂಶದಲ್ಲಿ ದಾಖಲಿಸಲಾಗುತ್ತದೆ. ನಕ್ಷೆಯಲ್ಲಿ ತಮ್ಮ ಜಮೀನು ಒಣಗಿದಂತೆ ಕಂಡರೂ ಗ್ರಾಮ ಆಡಳಿತ ಅಧಿಕಾರಿಗಳಿಗೆ ಅಥವಾ ನಾಡ ಕಚೇರಿಗೆ ಲಿಖಿತ ಮನವಿ ಸಲ್ಲಿಸುವುದು. ನೀರು ಇಳಿಯುವ ಮುನ್ನವೇ ಪಂಪ್‌ಸೆಟ್ ಮನೆಯ ಗೋಡೆ, ವಿದ್ಯುತ್ ಕಂಬ ಅಥವಾ ಮರದ ಮೇಲೆ ಮಟ್ಟವನ್ನು ಗುರುತು ಮಾಡಿ, ದಿನಾಂಕ ಕಾಣುವಂತೆ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಉತ್ತಮ. ಬದು ಒಡೆದ ಜಾಗ, ಕಟ್ಟಿಕೊಂಡ ಮೋರಿ, ನೀರು ನಿಂತ ದಿನಗಳು ಇವನ್ನು ಸರ್ವೆ ನಂಬರು ಮತ್ತು ಹಿಸ್ಸಾ ಸಹಿತ ಮನವಿಯಲ್ಲಿ ನಮೂದಿಸತಕ್ಕದ್ದು. ಇಂತಹ ಗುರುತುಗಳೇ ಮುಂದೆ ನಕ್ಷೆಯನ್ನು ತಿದ್ದಲೂ ಬೇಕಾಗುತ್ತವೆ.

2022-23ರಿಂದ 2025-26ರ ಅವಧಿಯ ವಿಪತ್ತು ಪರಿಹಾರ ಮಾನದಂಡದಂತೆ ಶೇ. 33 ಹಾಗೂ ಹೆಚ್ಚಿನ ಹಾನಿಗೆ, ಗರಿಷ್ಠ 2 ಹೆಕ್ಟೇರ್‌ವರೆಗೆ, ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ ರೂ. 8,500, ನೀರಾವರಿ ಬೆಳೆಗೆ ರೂ. 17,000 ನಿಗದಿಯಾಗಿತ್ತು. ನಂತರದ ಅವಧಿಯ ದರಗಳನ್ನು ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಪಹಣಿ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಹಾಗೂ ಫ್ರೂಟ್ಸ್ ಗುರುತಿನ ಸಂಖ್ಯೆಯಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಮಳೆಗಾಲಕ್ಕೆ ಮುನ್ನವೇ ಪರಿಶೀಲಿಸಿಕೊಳ್ಳುವುದು.