ಬೆಳಗಾವಿ ಗಡಿ ತಾಲೂಕುಗಳಲ್ಲಿ ಸಾಮಾಜಿಕ ಕೃಷಿ

ಹೊಲ, ತೋಟ, ದನಕರುಗಳ ಕೆಲಸವನ್ನು ಆರೈಕೆಗೂ ಪುನರ್ವಸತಿಗೂ ಬಳಸುವ ಪದ್ಧತಿಯೇ ಸಾಮಾಜಿಕ ಕೃಷಿ. ಇದರ ಹಳೆಯ ಮಾದರಿಯೆಂದರೆ, ಬೆಲ್ಜಿಯಂನ ಗೀಲ್ ಪಟ್ಟಣದಲ್ಲಿ ಮನೋರೋಗಿಗಳನ್ನು ಕುಟುಂಬಗಳು ಮನೆಯಲ್ಲಿರಿಸಿಕೊಂಡು ಸಲಹುವ ರೂಢಿ ಮಧ್ಯಯುಗದಷ್ಟು ಹಳೆಯದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಸಾಮಾಜಿಕ ಕೃಷಿಗೆ ಹತ್ತಿರವಾದದ್ದು ಮಾಜಿ ದೇವದಾಸಿಯರ ಪುನರ್ವಸತಿ. ಅವರಲ್ಲಿ ಹೆಚ್ಚಿನವರು ಭೂಮಿಯಿಲ್ಲದ ದಲಿತ ಕುಟುಂಬದವರು. ಆದ್ದರಿಂದ ಆಸರೆಗೆ ಬಂದದ್ದು ಹೊಲವಲ್ಲ. ಎಮ್ಮೆ, ಆಡು, ಕುರಿ.

ಮೊದಲು ಬಂದದ್ದು ಕಾನೂನು. ರಾಯಬಾಗ ಸೇರಿದ್ದ ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹು ಮಹಾರಾಜರು 1920ರಲ್ಲಿ, ಮುಂಬಯಿ ಪ್ರಾಂತದಲ್ಲಿ ಸರ್ಕಾರ 1934ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕಾಯ್ದೆ ತಂದರು. ಕರ್ನಾಟಕದ ಕಾಯ್ದೆ 1982ರಲ್ಲಿ ಬಂತು. ದೇವದಾಸಿಯಾಗಿಸಲು ಮುತ್ತು ಕಟ್ಟುವುದು ಅಪರಾಧವಾಯಿತು, ಮುತ್ತು ಕಟ್ಟಿಸಿಕೊಂಡವಳ ಹೊಟ್ಟೆಪಾಡಿನ ಪ್ರಶ್ನೆ ಹಾಗೇ ಉಳಿಯಿತು. 1991ರಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆ ಬೆಳಗಾವಿ ಜಿಲ್ಲೆಯಲ್ಲಿ ಪುನರ್ವಸತಿ ಆರಂಭಿಸಿದವು. ಅದರಿಂದ 1997ರಲ್ಲಿ ಘಟಪ್ರಭಾದಲ್ಲಿ ಮಹಿಳೆಯರದೇ ಸಂಸ್ಥೆ 'ಮಾಸ್' ಹುಟ್ಟಿತು. ಅದನ್ನು ಮುನ್ನಡೆಸಿದ ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಸ್ವತಃ ಬಾಲ್ಯದಲ್ಲೇ ದೇವದಾಸಿಯಾಗಿದ್ದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಎಮ್ಮೆ, ಆಡು ಸಾಕುವುದರ ಲಾಭ ಕಣ್ಣಿಗೆ ಕಾಣುವಂಥದ್ದು: ಡೇರಿಯ ಬಟವಾಡೆ ಸಾಕುವವಳ ಕೈಗೇ ಬರುತ್ತದೆ, ಕಷ್ಟಕಾಲಕ್ಕೆ ಆಡು ಮಾರಬಹುದು. ವೆಚ್ಚ ಮಾತ್ರ ಪುನರ್ವಸತಿ ಯೋಜನೆಯ ಲೆಕ್ಕದಲ್ಲಿ ಪೂರ್ತಿ ಸೇರುವುದಿಲ್ಲ. ಕಬ್ಬು ಕಟಾವಿನ ಹಂಗಾಮಿನಲ್ಲಿ ಮೇವಿಗೆ ಸೋಗೆ ಸಿಗುತ್ತದೆ. ಬೇಸಿಗೆಯಲ್ಲಿ ತುಂಡು ಭೂಮಿಯೂ ಇಲ್ಲದವಳು ಮೇವನ್ನೂ ಹಿಂಡಿಯನ್ನೂ ಕೊಂಡು ಹಾಕಬೇಕು. ಹಾಲು ಬತ್ತಿದ ಎಮ್ಮೆ ಮತ್ತೆ ಈಯುವವರೆಗೆ ತಿಂಗಳುಗಟ್ಟಲೆ ಆದಾಯವಿಲ್ಲ, ಸಾಲದ ಕಂತು ನಿಲ್ಲುವುದಿಲ್ಲ. ಎರಡು ಹೊತ್ತು ಹಿಂಡುವ ಕೆಲಸವಿರುವಾಗ ದೂರದ ಕೂಲಿಗೆ ಹೋಗುವಂತಿಲ್ಲ, ಆಸ್ಪತ್ರೆಯಲ್ಲಿ ಮಲಗುವಂತಿಲ್ಲ. ನೆದರ್ಲೆಂಡ್ಸ್‌ನಲ್ಲಿ ಆರೈಕೆಯ ತೋಟ ನಡೆಸುವ ರೈತನಿಗೆ ಸಾರ್ವಜನಿಕ ನಿಧಿಯಿಂದ ಹಣ ಸಲ್ಲುತ್ತದೆ. ಇಲ್ಲಿ ಆಸರೆ ಬೇಕಾದವಳೇ ನಷ್ಟದ ಹೊರೆಯನ್ನೂ ಹೊರುತ್ತಾಳೆ. ಇದು ಅನ್ಯಾಯ. ಸಹಾಯಧನವನ್ನು ಜಾನುವಾರಿನ ಬೆಲೆಗಷ್ಟೇ ನಿಲ್ಲಿಸದೆ ವಿಮೆ, ಮೇವು, ಒಂದಿಷ್ಟು ಭೂಮಿಯವರೆಗೂ ಚಾಚಬೇಕಿತ್ತು.

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯಲ್ಲಿ ಈ ಹೊರೆ ಇನ್ನೂ ಭಾರ. 2019ರ ಆಗಸ್ಟ್ ಪ್ರವಾಹದಲ್ಲಿ ಈ ತಾಲೂಕುಗಳ ನದಿತೀರದ ಊರುಗಳು ಮುಳುಗಿದವು. ಜನರ ಜೊತೆ ದನಕರುಗಳಿಗೂ ಮೇವು, ನೆರಳು ಹುಡುಕಬೇಕಾಯಿತು.