ಹೆಂಚಿನ ಮೇಲೆ ಉಳಿದ ಹೆಸರು



ಮಗಳು ಶಾಂಘೈನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಹಟಕ್ಕೆ ಅವ್ವನನ್ನೂ ಕರಕೊಂಡು ಶಿಯಾನ್‌ಗೆ ಹೋಗಿದ್ವಿ, ಮಣ್ಣಿನ ಸೈನಿಕರನ್ನು ನೋಡೋಕೆ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ ಜಾಗ ಅದು. ಒಂದನೇ ಗುಂಡಿಯೇ 230 ಮೀಟರ್ ಉದ್ದ. ಸಾಲುಸಾಲು ಸೈನಿಕರು, ಒಬ್ಬೊಬ್ಬನದೂ ಒಂದೊಂದು ಮುಖ. ಜನ ಮೊಬೈಲ್ ಎತ್ತಿ ಹಿಡಿದು ಒಬ್ಬರ ಮೇಲೊಬ್ಬರು ಬೀಳ್ತಿದ್ರು. ಅವ್ವ ಮಾತ್ರ ಕಂಬಿ ಹಿಡಿದು ಕೇಳಿದ್ದು ಒಂದೇ: "ಇಷ್ಟೊಂದ್ ಮಣ್ ಹೊತ್ತೋರು ಯಾರ್ಲಾ ಮಗ?"

ಗೈಡ್ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ ಬಗ್ಗೆ ಅರ್ಧ ಗಂಟೆ ಹೇಳಿದ. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದು ಮಾಡಿದವನು, 210ರಲ್ಲಿ ಸತ್ತವನು. ಅವ್ವನ ಪ್ರಶ್ನೆಗೆ ಉತ್ತರ ನಾನು ಮೊದಲೇ ಓದಿಕೊಂಡಿದ್ದೆ. ಸಮಾಧಿ ಕೆಲಸಕ್ಕೆ 7 ಲಕ್ಷ ಜನರನ್ನು ಹಚ್ಚಿದ್ದರು ಅಂತ ಸಿಮಾ ಚಿಯಾನ್ ಎಂಬ ಇತಿಹಾಸಕಾರ ಸುಮಾರು ನೂರು ವರ್ಷದ ನಂತರ ಬರೆದಿದ್ದಾನೆ. ಲೆಕ್ಕ ಉತ್ಪ್ರೇಕ್ಷೆ ಇರಬಹುದು. ಆದರೆ ಮೂಳೆಗಳು ಸುಳ್ಳಲ್ಲ. 1979-80ರಲ್ಲಿ ಸಮಾಧಿ ದಿಬ್ಬದ ಪಶ್ಚಿಮಕ್ಕೆ ಜಾವೊಬೇಹು ಎಂಬ ಹಳ್ಳಿಯ ಹತ್ತಿರ ಕೂಲಿಗಳನ್ನು ಹೂತ ಗುಂಡಿಗಳು ಸಿಕ್ಕವು. ಹೆಚ್ಚಿನವರು ಹರೆಯದ ಗಂಡಸರು. ಹೆಂಗಸರು, ಮಕ್ಕಳೂ ಇದ್ದರು.

ಅವರ ಜತೆ ಒಡೆದ ಹೆಂಚಿನ ಚೂರುಗಳು. 18 ಚೂರುಗಳ ಮೇಲೆ ಗೀಚಿದ ಬರಹ: ಊರು, ಹೆಸರು, ಯಾವ ಬಾಬ್ತಿನ ದುಡಿಮೆ ಅಂತ. ಅದರಲ್ಲೊಬ್ಬ ದೊಂಗ್‌ವು ಊರಿನ ಚಿಂಗ್‌ಜಿ. ಈಗಿನ ಶಾಂಡೋಂಗ್ ಪ್ರಾಂತ್ಯ, ಸಾವಿರ ಕಿಲೋಮೀಟರ್ ದೂರ. ಅವನ ಹೆಸರಿನ ಮುಂದೆ ಇರುವ ಮಾತಿನ ಅರ್ಥ, ದಂಡದ ಬಾಕಿಯನ್ನು ದುಡಿದು ತೀರಿಸುವವನು.

ನಮ್ಮ ಭಾಷೆಯಲ್ಲಿ ಇದಕ್ಕೆ ಏನಂತೀವಿ, ನಿಮಗೇ ಗೊತ್ತು.

ಇದರ ದರವೂ ಗೊತ್ತಿದೆ. ಹುಬೈ ಪ್ರಾಂತ್ಯದ ಶುಯ್‌ಹುದಿಯಲ್ಲಿ ಒಬ್ಬ ಅಧಿಕಾರಿಯ ಗೋರಿಯೊಳಗೆ ಚಿನ್ ಕಾನೂನು ಬರೆದ ಬಿದಿರಿನ ಪಟ್ಟಿಗಳು ಸಿಕ್ಕಿದ್ದು 1975ರ ಡಿಸೆಂಬರ್‌ನಲ್ಲಿ. (ನಮ್ಮಲ್ಲಿ ಜೀತ ರದ್ದು ಸುಗ್ರೀವಾಜ್ಞೆ ಬಂದಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ.) ದಿನದ ದುಡಿಮೆಗೆ 8 ಕಾಸು ಸಾಲದಲ್ಲಿ ವಜಾ. ಸರ್ಕಾರದ ಕೂಳು ಉಂಡರೆ ಬರೀ 6. ಅಂದರೆ 480 ಕಾಸಿನ ಬಾಕಿಗೆ ಸ್ವಂತ ಬುತ್ತಿಯವನು 60 ದಿನ ದುಡಿದರೆ, ಅಲ್ಲೇ ಉಂಡವನು 80 ದಿನ.

ಇದನ್ನು ಕೇಳಿ ಅವ್ವ ಸುಮ್ನಾದ್ಲು. ಅವಳ ಅಪ್ಪ, ನನ್ನ ತಾತ, 300 ರೂಪಾಯಿಗೆ ಜೀತಕ್ಕಿದ್ದವರು. ಉಂಡ ಮುದ್ದೆ, ಹಬ್ಬಕ್ಕೆ ಕೊಟ್ಟ ಪಂಚೆ, ಎಲ್ಲಾ ಸಾಲಕ್ಕೇ ಸೇರ್ತಿತ್ತು. ಒಂದು ವ್ಯತ್ಯಾಸ ಹೇಳಲೇಬೇಕು. ಚಿಂಗ್‌ಜಿ ಹುಟ್ಟಿನಿಂದ ಕೀಳಾದವನಲ್ಲ, ಸಣ್ಣದೊಂದು ಪದವಿಯೂ ಅವನಿಗಿತ್ತು, ಲೆಕ್ಕ ಚುಕ್ತಾ ಆದರೆ ಮನೆಗೆ ಹೋಗುವ ಕಾನೂನಿತ್ತು. ತಾತನಿಗೆ ಕಾನೂನೂ ಇರಲಿಲ್ಲ, ಲೆಕ್ಕ ಓದೋಕೆ ಅಕ್ಷರವೂ ಇರಲಿಲ್ಲ. ಸಾಲ ಮುಗಿದರೂ ಕೇರಿ ಅಂತೂ ಕೇರಿಯೇ.

ಸೈನಿಕರ ಮೈಮೇಲೂ ಕುಂಬಾರರ ಹೆಸರಿದೆ. ಗೌರವಕ್ಕಲ್ಲ ಅದು, ಕೆಲಸ ಕೆಟ್ಟರೆ ಹಿಡಿದು ಶಿಕ್ಷಿಸೋಕೆ. ಆದರೂ ಅದರಿಂದಲೇ ಅವರ ಹೆಸರು ಉಳೀತು. ನಮ್ಮ ಕಡೆ ಕೆರೆ, ಕೋಟೆ, ಗುಡಿ ಕಟ್ಟಿದವರಲ್ಲಿ ಮಣ್ಣು ಹೊತ್ತ ಎಷ್ಟು ಜನರ ಹೆಸರು ಕಲ್ಲಿನ ಮೇಲಿದೆ, ಹುಡುಕಿ ನೋಡಿ.

ವಾಪಸ್ ಬಸ್ಸಲ್ಲಿ ಅವ್ವ ಮತ್ತೆ ಕೇಳಿದ್ಲು: "ಆ ಮಗ, ಏನವನ ಹೆಸ್ರು, ಸಾಲ ತೀರ್ಸಿದ್ನಾ?"

ಹೆಂಚಲ್ಲಿ ಅದು ಬರೆದಿಲ್ಲ ಕಣವ್ವ ಅಂದೆ.